ಕೈತೋಟದಲ್ಲಿ ಕುಂಬಳಕಾಯಿ: ಬೀಜ ಹಾಕೋದ್ರಿಂದ ಕೊಯ್ದು ಇಡೋವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳ ಬೆಳೆಯೋದು ಕಷ್ಟ ಅಲ್ಲ, ಬೀಜ ಬಿದ್ದ ಕಡೆ ತಾನೇ ಹುಟ್ಟಿ ಹಬ್ಬೋ ಬಳ್ಳಿ ಇದು. ಆದ್ರೂ ನನ್ನ ಹತ್ರ ಬರೋ ಪ್ರಶ್ನೆ ಹೆಚ್ಚಾಗಿ ಎರಡೇ: ಹೂ ಬಿಡುತ್ತೆ ಕಾಯಿ ಕಚ್ಚಲ್ಲ ಅನ್ನೋದು ಒಂದು, ಇಷ್ಟು ದಿನ ಕಾದು ಕೊಯ್ದಿದ್ದು ಹದಿನೈದು ದಿನಕ್ಕೆ ಕೊಳೀತು ಅನ್ನೋದು ಇನ್ನೊಂದು. ಅದಕ್ಕೇ ಹೂವಿನ ವಿಷಯ ಮತ್ತೆ ಕೊಯ್ಲಿನ ವಿಷಯ ಉದ್ದಕ್ಕೆ ಬರ್ದಿದೀನಿ, ಉಳಿದಿದ್ದನ್ನ ಬೇಗ ಮುಗಿಸಿದೀನಿ.

ಕುಂಬಳ ಅಂದ್ರೆ ಯಾವ ಕುಂಬಳ? ಸಿಹಿಗುಂಬಳ, ಬೂದುಗುಂಬಳ ಎರಡೂ ಒಂದೇನಾ?

ಒಂದೇ ಅಲ್ಲ. ಇಬ್ರೂ ಒಂದೇ ಕುಟುಂಬದವರು, ಸೌತೆ ಹಾಗಲ ಕಲ್ಲಂಗಡಿ ಎಲ್ಲಾ ಇರೋ ಕುಟುಂಬ, ಆದ್ರೆ ಬೂದುಗುಂಬಳ ಬೆನಿನ್‌ಕಾಸಾ ಅನ್ನೋ ಬೇರೆ ಜಾತಿ. ನಾನಿಲ್ಲಿ ಬರೀತಿರೋದು ಒಳಗೆ ಹಳದಿ ಕೇಸರಿ ತಿರುಳಿರೋ ಸಿಹಿಗುಂಬಳದ ಬಗ್ಗೆ, ಕೆಲವರು ಚೀನಿಕಾಯಿ ಅಂತಾರಲ್ಲ ಅದೇ. ಇದರ ಮೂಲ ಅಮೆರಿಕ ಖಂಡ, ಮೆಕ್ಸಿಕೋದ ಒಹಾಕಾ ಕಡೆ ಒಂದು ಗುಹೇಲಿ ಸುಮಾರು 10,000 ವರ್ಷ ಹಳೇ ಕುಂಬಳ ಬೀಜ ಸಿಕ್ಕಿದೆ, ಅಂದ್ರೆ ಅಲ್ಲಿ ಮೆಕ್ಕೆಜೋಳಕ್ಕಿಂತ ಮುಂಚೇನೇ ಮನುಷ್ಯ ಇದನ್ನ ಬೆಳೀತಿದ್ದ.

ಸಿಹಿಗುಂಬಳದಲ್ಲೂ ಮುಖ್ಯವಾಗಿ ಮೂರು ಜಾತಿ ಇದೆ, ಪೆಪೊ, ಮ್ಯಾಕ್ಸಿಮಾ, ಮೊಸ್ಕಾಟಾ. ಯಾವುದು ಅಂತ ತಿಳ್ಕೊಳ್ಳೋಕೆ ಕಾಯಿ ನೋಡ್ಬೇಡಿ, ತೊಟ್ಟು ನೋಡಿ. ತೊಟ್ಟು ಗುಂಡಗೆ, ಬೆಂಡಿನ ಥರ ಮೆತ್ತಗೆ ದಪ್ಪಗಿದ್ರೆ ಮ್ಯಾಕ್ಸಿಮಾ. ಗಟ್ಟಿಯಾಗಿ ಐದು ಏಣು ಇದ್ದು ಕಾಯಿಗೆ ಸೇರೋ ಜಾಗದಲ್ಲಿ ಪಾದ ಊರಿದ ಹಾಗೆ ಅಗಲವಾಗಿದ್ರೆ ಮೊಸ್ಕಾಟಾ. ಗಟ್ಟಿ ಏಣುಗಳಿದ್ದು ಕೆಳಗೆ ಹಾಗೆ ಅಗಲ ಆಗದೆ ಇದ್ರೆ ಪೆಪೊ. ಬಿಸಿಲು, ಸೆಕೆ, ತೇವ ಜಾಸ್ತಿ ಇರೋ ಕಡೆ ಕಣ್ಮುಚ್ಕೊಂಡು ಮೊಸ್ಕಾಟಾ ಹಾಕಿ, ಅದರಷ್ಟು ತಡ್ಕೊಳ್ಳೋದು ಬೇರೆ ಯಾವುದೂ ಇಲ್ಲ.

ಎಷ್ಟು ಜಾಗ ಬೇಕು?

ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ. ಉದ್ದಕ್ಕೆ ಹಬ್ಬೋ ತಳಿ 4–5 ಮೀಟರ್ ಆರಾಮಾಗಿ ಹೋಗುತ್ತೆ, ಕೆಲವು ಇನ್ನೂ ಹೆಚ್ಚು. ಗುಣಿಯಿಂದ ಗುಣಿಗೆ 2 ಮೀಟರ್ ಬಿಡಿ. ಜಾಗ ಕಮ್ಮಿ ಇದ್ರೆ ಹಿತ್ತಲಿನ ಒಂದು ಮೂಲೇಲಿ ನೆಟ್ಟು ಬಳ್ಳೀನ ಬೇಲಿ ಕಡೆಗೋ, ಏನೂ ಬೆಳೀದೆ ಖಾಲಿ ಇರೋ ಕಡೆಗೋ ತಿರುಗಿಸಿಬಿಡಿ, ಬುಡಕ್ಕೆ ಒಳ್ಳೇ ಮಣ್ಣು ಸಿಕ್ರೆ ಸಾಕು ಬಳ್ಳಿ ಎಲ್ಲಾದ್ರೂ ಓಡಾಡ್ಲಿ. ಬಿಸಿಲು ಮಾತ್ರ ದಿನಕ್ಕೆ 6 ಗಂಟೆಗೆ ಕಮ್ಮಿ ಆಗ್ಬಾರ್ದು, 8 ಇದ್ರೆ ಇನ್ನೂ ಒಳ್ಳೇದು. ನೆರಳಲ್ಲಿ ಎಲೆ ಚೆನ್ನಾಗಿ ಬರುತ್ತೆ, ಕಾಯಿ ಮಾತ್ರ ಬರಲ್ಲ.

ಟೆರೇಸಲ್ಲಿ, ಕುಂಡದಲ್ಲಿ ಆಗುತ್ತಾ?

ಆಗುತ್ತೆ, ಆದ್ರೆ ಸಣ್ಣ ಕಾಯಿ ಬಿಡೋ ತಳಿ ಆರಿಸ್ಕೊಳ್ಳಿ, ಕುಂಡ 60 ಲೀಟರಿಗೆ ಕಮ್ಮಿ ಬೇಡ, ಒಂದು ಕುಂಡಕ್ಕೆ ಒಂದೇ ಗಿಡ. ಚಪ್ಪರಕ್ಕೆ ಹಬ್ಬಿಸಿದ್ರೆ ಒಂದೂವರೆ ಕೆಜಿ ದಾಟೋ ಕಾಯಿಗೆ ಹಳೇ ಬಟ್ಟೆಯೋ ನೆಟ್ಟೋ ತೊಟ್ಟಿಲ ಥರ ಕಟ್ಟಿ ಭಾರ ಹೊರಿಸಿ, ಇಲ್ಲಾಂದ್ರೆ ಗಾಳಿ ಬಂದಾಗ ಕಾಯಿ ಜೊತೆ ಬಳ್ಳೀನೂ ಕೆಳಗೆ. ಕುಂಡಕ್ಕೆ ಬೇಸಿಗೇಲಿ ದಿನಾ ನೀರು ಬೇಕಾಗುತ್ತೆ, ಅದಕ್ಕೆ ರೆಡಿ ಇದ್ರೆ ಮಾತ್ರ ಕೈ ಹಾಕಿ.

ಬೀಜ ಯಾವಾಗ ಹಾಕ್ಬೇಕು?

ಕ್ಯಾಲೆಂಡರ್‌ಗಿಂತ ಮಣ್ಣಿನ ಬಿಸಿ ಮುಖ್ಯ. ಮಣ್ಣು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ರೆ ಬೀಜ ಮೊಳಕೆ ಒಡೆಯೋ ಮೊದಲೇ ಕೊಳೆಯೋ ಸಾಧ್ಯತೆ ಜಾಸ್ತಿ, 25ರಿಂದ 32 ಡಿಗ್ರಿ ಇದ್ರೆ ಒಂದು ವಾರದೊಳಗೆ ಮೇಲೆ ಬರುತ್ತೆ. ಹಿಮ ಬೀಳೋ ಜಾಗದಲ್ಲಿರೋರು ಕೊನೇ ಹಿಮ ಹೋಗಿ ಒಂದೆರಡು ವಾರ ಆದ್ಮೇಲೆ ಹಾಕಿ, ಈ ಗಿಡಕ್ಕೆ ಹಿಮ ತಾಗಿದ್ರೆ ಒಂದೇ ರಾತ್ರಿಗೆ ಮುಗೀತು. ಹಿಮ ಇಲ್ಲದ ಜಾಗದಲ್ಲಿ ಸುಮಾರು ಎಲ್ಲಾ ಕಾಲದಲ್ಲೂ ಹಾಕ್ಬಹುದು, ಜಡಿಮಳೆ ಮಧ್ಯೆ ಹೂ ಬಿಡೋ ಹಾಗೆ ಮಾತ್ರ ಆಗ್ಬಾರ್ದು, ಯಾಕೆ ಅಂತ ಕೆಳಗೆ ಹೂವಿನ ಭಾಗದಲ್ಲಿದೆ. ಬೀಜದಿಂದ ಕೊಯ್ಲಿಗೆ ತಳಿ ಮೇಲೆ 90ರಿಂದ 120 ದಿನ, ಹಿಂದಕ್ಕೆ ಲೆಕ್ಕ ಹಾಕ್ಕೊಳ್ಳಿ.

ಮಣ್ಣು, ಗುಣಿ ಹೇಗೆ ರೆಡಿ ಮಾಡೋದು?

ಕುಂಬಳಕ್ಕೆ ಹೊಟ್ಟೆಬಾಕ ಅಂತಾನೇ ಹೇಳ್ಬಹುದು, ಎಷ್ಟು ಗೊಬ್ಬರ ಕೊಟ್ರೂ ತಿನ್ನುತ್ತೆ. ಒಂದೂವರೆ ಅಡಿ ಅಗಲ, ಅಷ್ಟೇ ಆಳ ತೋಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಎರಡು ಬುಟ್ಟಿ ಮಣ್ಣಿನ ಜೊತೆ ಕಲಸಿ ತುಂಬಿ, ಮೇಲಕ್ಕೆ ಸ್ವಲ್ಪ ದಿಬ್ಬ ಬರೋ ಹಾಗೆ. ದಿಬ್ಬ ಯಾಕಂದ್ರೆ ಮಣ್ಣು ಬೇಗ ಬಿಸಿ ಆಗುತ್ತೆ, ಬುಡದಲ್ಲಿ ನೀರು ನಿಲ್ಲಲ್ಲ. ಮಣ್ಣಿನ ಹುಳಿ ಎಷ್ಟು ಅಂತ ಅಳೆಯೋ ಪಿಎಚ್ 6ರಿಂದ 6.8 ಇದ್ರೆ ಸರಿ. ಹಸಿ ಸಗಣಿ ಬೇಡ, ಬೇರು ಸುಡುತ್ತೆ. ಕಾಂಪೋಸ್ಟ್ ಗುಂಡಿ ಪಕ್ಕ ತಾನೇ ಹುಟ್ಟಿದ ಕುಂಬಳ ನಾವು ನೆಟ್ಟಿದ್ದಕ್ಕಿಂತ ಜೋರಾಗಿ ಬರೋದನ್ನ ನೋಡಿರ್ತೀರಲ್ಲ, ಕಾರಣ ಇಷ್ಟೇ.

ಕಳೆದ ಸಲ ಸೌತೆ, ಹೀರೆ, ಕುಂಬಳ ಯಾವುದಾದ್ರೂ ಹಾಕಿದ ಜಾಗ ಆಗಿದ್ರೆ ಈ ಸಲ ಜಾಗ ಬದಲಾಯಿಸಿ, ಎರಡು ಮೂರು ವರ್ಷ ಬಿಟ್ಟು ವಾಪಸ್ ಬನ್ನಿ.

ಬೀಜ ನೆನೆಸ್ಬೇಕಾ? ಎಷ್ಟು ಆಳ?

ರಾತ್ರಿ ನೆನೆಸಿದ್ರೆ ಒಂದೆರಡು ದಿನ ಬೇಗ ಮೊಳಕೆ ಬರುತ್ತೆ, ನೆನೆಸದೇ ಇದ್ರೂ ಏನೂ ಆಗಲ್ಲ. ಒಂದು ದಿನಕ್ಕಿಂತ ಜಾಸ್ತಿ ಮಾತ್ರ ನೀರಲ್ಲಿ ಬಿಡ್ಬೇಡಿ. 2–3 ಸೆಂಟಿಮೀಟರ್ ಆಳ, ಒಂದು ಗುಣಿಗೆ 3–4 ಬೀಜ, ಎರಡು ನಿಜವಾದ ಎಲೆ (ಮೊದಲು ಬರೋ ಜೋಡಿ ಬೀಜದೆಲೆ ಲೆಕ್ಕಕ್ಕಿಲ್ಲ) ಬಂದ್ಮೇಲೆ ಗಟ್ಟಿಮುಟ್ಟಾಗಿರೋ ಒಂದನ್ನ, ಜಾಸ್ತಿ ಅಂದ್ರೆ ಎರಡನ್ನ ಬಿಟ್ಟು ಉಳಿದಿದ್ದನ್ನ ಕತ್ತರೀಲಿ ಬುಡಕ್ಕೆ ಕತ್ತರಿಸಿ. ಕಿತ್ರೆ ಪಕ್ಕದ ಸಸಿ ಬೇರೂ ಅಲ್ಲಾಡುತ್ತೆ. ಚೆನ್ನಾಗಿರೋ ಸಸೀನ ಕತ್ತರಿಸೋಕೆ ಮನಸ್ಸು ಬರಲ್ಲ ಅಂತ ಗೊತ್ತು, ಆದ್ರೂ ಕತ್ತರಿಸಿ, ನಾಲ್ಕೂ ಬಿಟ್ರೆ ನಾಲ್ಕೂ ಬಡಕಲು.

ಸಸಿ ಮಾಡ್ಕೊಂಡು ಆಮೇಲೆ ನೆಡಬಹುದಾ?

ಬಹುದು, ಆದ್ರೆ ಕುಂಬಳಕ್ಕೆ ಬೇರು ಮುಟ್ಟಿಸ್ಕೊಳ್ಳೋದು ಇಷ್ಟ ಇಲ್ಲ. ಪೇಪರ್ ಕಪ್ಪಲ್ಲಿ ಮಾಡಿ, ಮೂರು ವಾರ ಆಗೋದ್ರೊಳಗೆ ಕಪ್ ತಳ ಹರಿದು ಹಾಗೇ ಮಣ್ಣಿಗಿಳಿಸಿ.

ಎಷ್ಟು ನೀರು? ಮಧ್ಯಾಹ್ನ ಎಲೆ ಎಲ್ಲಾ ಜೋತುಬೀಳುತ್ತೆ, ಗಿಡ ಸಾಯ್ತಿದೆಯಾ?

ಸಾಯ್ತಿಲ್ಲ. ಆ ಅಗಲದ ಎಲೆ ಉರಿ ಬಿಸಿಲಲ್ಲಿ ಬಿಡೋ ನೀರಿನಷ್ಟು ಬೇರು ಎಳೆಯೋಕಾಗಲ್ಲ, ಅದಕ್ಕೇ ಜೋತುಬೀಳುತ್ತೆ, ಸಾಯಂಕಾಲಕ್ಕೆ ತಾನೇ ಎದ್ದು ನಿಲ್ಲುತ್ತೆ. ನೋಡ್ಬೇಕಾಗಿರೋದು ಬೆಳಿಗ್ಗೆ. ಬೆಳಿಗ್ಗೆ ಆರು ಗಂಟೆಗೂ ಎಲೆ ಬಾಡಿದ್ರೆ ನೀರು ಸಾಲ್ತಿಲ್ಲ, ಅಥವಾ ಕಾಂಡದಲ್ಲೋ ಬೇರಲ್ಲೋ ತೊಂದ್ರೆ ಇದೆ. ಬೆರಳು ಮಣ್ಣಿಗೆ ಚುಚ್ಚಿ ನೋಡಿ, ಎರಡಂಗುಲ ಒಳಗೂ ಒಣಗಿದ್ರೆ ನೀರು ಹಾಕಿ, ತೇವ ಇದ್ದೂ ಬಾಡಿದ್ರೆ ಕಾಂಡ ಪರೀಕ್ಷೆ ಮಾಡಿ.

ಲೆಕ್ಕಕ್ಕೆ ಹೇಳೋದಾದ್ರೆ ವಾರಕ್ಕೆ 2.5 ಸೆಂಟಿಮೀಟರ್ ಮಳೆಯಷ್ಟು, ಬಿಸಿಲು ಜಾಸ್ತಿ ಇದ್ದಾಗ ಇನ್ನೂ ಹೆಚ್ಚು. ದಿನಾ ಚಿಮುಕಿಸೋದಕ್ಕಿಂತ ವಾರಕ್ಕೆ ಎರಡು ಮೂರು ಸಲ ಆಳಕ್ಕೆ ಇಳಿಯೋ ಹಾಗೆ ಬುಡಕ್ಕೆ ಹಾಕೋದು ಒಳ್ಳೇದು, ಅದೂ ಬೆಳಿಗ್ಗೆ, ಎಲೆ ನೆನೆಯದ ಹಾಗೆ. ಮೇಲೆ ಒಣಹುಲ್ಲೋ ತರಗೆಲೆಯೋ ಮುಚ್ಚಿಗೆ ಹಾಕಿ. ಕಳೆ ತೆಗೆಯುವಾಗ ಗುದ್ದಲಿ ಆಳಕ್ಕೆ ಹಾಕ್ಬೇಡಿ, ಇದರ ಆಹಾರ ಹೀರೋ ಬೇರುಗಳೆಲ್ಲಾ ಮೇಲ್ಮೇಲೇ ಹರಡಿರುತ್ತೆ.

ಎಲೆ ತಟ್ಟೆಯಷ್ಟಗಲ ಬಂದಿದೆ, ಕಡು ಹಸಿರು, ಆದ್ರೆ ಹೂವೇ ಇಲ್ಲ. ಇನ್ನೂ ಯೂರಿಯಾ ಹಾಕ್ಲಾ?

ದಯವಿಟ್ಟು ಹಾಕ್ಬೇಡಿ. ಸಾರಜನಕ ಜಾಸ್ತಿ ಆಗೇ ಹೀಗಾಗಿರೋದು. ಶುರುವಲ್ಲಿ ಬಳ್ಳಿ ಕಟ್ಟೋಕೆ ಸಾರಜನಕ ಬೇಕು, ಮೊದಲ ಮೊಗ್ಗು ಕಂಡ ಮೇಲೆ ಪೊಟ್ಯಾಷ್ ರಂಜಕ ಇರೋ ಗೊಬ್ಬರದ ಕಡೆ ಹೋಗಿ. ಗುಣೀಲಿ ಕಾಂಪೋಸ್ಟ್ ಚೆನ್ನಾಗಿ ಹಾಕಿದ್ರೆ, ಬಳ್ಳಿ ಓಡೋಕೆ ಶುರುವಾದಾಗ ಒಂದು ಸಲ, ಕಾಯಿ ಮುಷ್ಟಿಯಷ್ಟಾದಾಗ ಒಂದು ಸಲ ಕಾಂಪೋಸ್ಟ್ ಮೇಲುಗೊಬ್ಬರ ಕೊಟ್ರೆ ಮನೆ ತೋಟಕ್ಕೆ ಸಾಕು.

ಕುಡಿ ಚಿವುಟಬೇಕಾ?

ಕಡ್ಡಾಯ ಅಲ್ಲ. ಜಾಗ ಇಲ್ದೇ ಇದ್ರೆ, ಅಥವಾ ಬೇಕಾದಷ್ಟು ಕಾಯಿ ನಿಂತು ಆಯ್ತು ಅಂದ್ರೆ ಚಿವುಟಿ. ಅದಕ್ಕಿಂತ ಉಪಯೋಗದ ಕೆಲಸ ಒಂದಿದೆ: ನೆಲದ ಮೇಲೆ ಓಡೋ ಬಳ್ಳೀಲಿ ಪ್ರತಿ ಗೆಣ್ಣಿನ ಹತ್ರ ಬೇರು ಬಿಡೋ ಗುಣ ಇದೆ, ಅಲ್ಲಲ್ಲಿ ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ ತೇವ ಇಡಿ. ಬುಡಕ್ಕೆ ಏನಾದ್ರೂ ಆದ್ರೂ ಈ ಬೇರುಗಳೇ ಬಳ್ಳೀನ ಉಳಿಸುತ್ವೆ.

ಹೂ ತುಂಬಾ ಬರ್ತಿದೆ, ಒಂದು ಕಾಯೀನೂ ಇಲ್ಲ, ಯಾಕೆ?

ಮೊದಲ ಒಂದೆರಡು ವಾರ ಬರೋದು ಬರೀ ಗಂಡು ಹೂ. ಅದು ರೋಗ ಅಲ್ಲ, ಗಿಡದ ಸ್ವಭಾವ. ಒಂದೇ ಬಳ್ಳೀಲಿ ಗಂಡು ಹೂ ಬೇರೆ ಹೆಣ್ಣು ಹೂ ಬೇರೆ ಬಿಡುತ್ತೆ, ಗಂಡು ಮೊದಲು ಬರುತ್ತೆ, ಸಂಖ್ಯೇಲೂ ಗಂಡೇ ಜಾಸ್ತಿ. ಗುರುತು ಸುಲಭ: ಗಂಡು ಹೂ ಸಣ್ಣ ಉದ್ದ ಕಡ್ಡಿ ಮೇಲೆ ನೇರ ನಿಂತಿರುತ್ತೆ. ಹೆಣ್ಣು ಹೂ ಗಿಡ್ಡ ತೊಟ್ಟಲ್ಲಿ, ಹೂವಿನ ಕೆಳಗೇ ಗೋಲಿಯಷ್ಟೋ ನಿಂಬೆಯಷ್ಟೋ ಪುಟಾಣಿ ಕುಂಬಳ ಇರುತ್ತೆ. ಆ ಹೀಚು ಕಂಡ್ರೆ ಹೆಣ್ಣು.

ಸೆಕೆ ವಿಪರೀತ ಇದ್ರೆ ಹೆಣ್ಣು ಹೂ ಇನ್ನೂ ತಡ ಆಗುತ್ತೆ. ಗಂಡು ಹೂ ದಂಡ ಅಂತ ಎಲ್ಲಾ ಕೀಳ್ಬೇಡಿ, ಜೇನ್ನೊಣಗಳಿಗೆ ದಾರಿ ಅಭ್ಯಾಸ ಆಗೋದೇ ಈ ಹೂಗಳಿಂದ, ಹೆಣ್ಣು ಹೂ ಅರಳೋ ಹೊತ್ತಿಗೆ ಅವು ದಿನಾ ಬರ್ತಿರ್ಬೇಕು.

ಹೆಣ್ಣು ಹೂ ಬಂತು, ಹೀಚು ನಾಲ್ಕು ದಿನಕ್ಕೆ ಹಳದಿಯಾಗಿ ಉದುರ್ತಿದೆ.

ಪರಾಗ ಸರಿಯಾಗಿ ಮುಟ್ಟಿಲ್ಲ. ಕುಂಬಳದ ಪರಾಗ ದಪ್ಪ ಮತ್ತೆ ಅಂಟು, ಗಾಳಿಗೆ ಹಾರಲ್ಲ, ಯಾರಾದ್ರೂ ಹೊತ್ಕೊಂಡು ಹೋಗ್ಲೇಬೇಕು. ಅದೂ ಒಂದು ಕಾಯೊಳಗೆ ನೂರಾರು ಬೀಜ ಇರುತ್ತಲ್ಲ, ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಣ ಬೇಕು, ಜೇನ್ನೊಣ ಒಂದ್ಸಲ ಕೂತು ಹೋದ್ರೆ ಸಾಲಲ್ಲ, ಹಲವಾರು ಸಲ ಬರ್ಬೇಕು. ಅರ್ಧಂಬರ್ಧ ಮುಟ್ಟಿದ್ರೆ ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟ ಆಗುತ್ತೆ, ಏನೂ ಮುಟ್ಟದಿದ್ರೆ ಉದುರುತ್ತೆ. ಹೂ ಅರಳೋದು ನಸುಕಲ್ಲಿ, ಮಧ್ಯಾಹ್ನದೊಳಗೆ ಮುಚ್ಕೊಂಡ್ರೆ ಮತ್ತೆ ಯಾವತ್ತೂ ತೆಗೆಯಲ್ಲ, ಇರೋದು ಒಂದೇ ಬೆಳಗ್ಗೆ. ಆ ಬೆಳಗ್ಗೆ ಜೋರು ಮಳೆ ಬಂದು ಜೇನು ಹೊರಗೆ ಬರ್ದಿದ್ರೆ, ಪರಾಗ ನೆನೆದು ಹಾಳಾದ್ರೆ, ಆ ಹೂವಿನ ಕಥೆ ಮುಗೀತು.

ಹಾಗಾದ್ರೆ ಕೈಯಿಂದ ಮುಟ್ಟಿಸೋದು ಹೇಗೆ?

ಇದನ್ನ ಒಂದ್ಸಲ ಕಲಿತ್ರೆ ಕಾಯಿ ನಿಲ್ಲಲ್ಲ ಅನ್ನೋ ಚಿಂತೆ ಬಹುಪಾಲು ಹೋಗುತ್ತೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಹಿಂದಿನ ಸಾಯಂಕಾಲ ಬಳ್ಳಿ ಸುತ್ತ ಒಂದು ರೌಂಡ್ ಹಾಕಿ. ನಾಳೆ ಅರಳೋ ಮೊಗ್ಗು ಆಗ್ಲೇ ಉಬ್ಬಿ ತುದೀಲಿ ಹಳದಿ ಕೇಸರಿ ಬಣ್ಣ ತಿರುಗಿರುತ್ತೆ, ಹಸಿರಾಗೇ ಇರೋದು ಇನ್ನೂ ದಿನ ಬೇಕು. ಹೆಣ್ಣು ಮೊಗ್ಗು ಎಲ್ಲಿದೆ ನೋಡಿಟ್ಕೊಳ್ಳಿ, ಎಲೆ ಕೆಳಗೆ ಅಡಗಿರುತ್ತೆ.

ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಹೋಗಿ, ಬೇಗ ಆದಷ್ಟೂ ಒಳ್ಳೇದು. ಅವತ್ತೇ ಅರಳಿರೋ ಗಂಡು ಹೂವನ್ನ ಕಡ್ಡಿ ಸಮೇತ ಕಿತ್ತು, ಹಳದಿ ದಳ ಪೂರ್ತಿ ಹರಿದು ತೆಗೀರಿ, ಮಧ್ಯದಲ್ಲಿ ಬೆರಳಿನಂಥ ಕಂಬ ಉಳಿಯುತ್ತೆ. ಅದನ್ನ ಅಂಗೈಗೆ ಮುಟ್ಟಿಸಿ, ಅರಿಶಿನ ಮೆತ್ತಿದ ಹಾಗೆ ಹಳದಿ ಪುಡಿ ಅಂಟಿದ್ರೆ ಪರಾಗ ರೆಡಿ ಇದೆ, ಏನೂ ಅಂಟದಿದ್ರೆ ಇನ್ನೊಂದು ಹೂ ನೋಡಿ. ಈಗ ಹೆಣ್ಣು ಹೂವಿನೊಳಗೆ ಮೂರು ನಾಲ್ಕು ಕವಲಾಗಿರೋ ದಪ್ಪ ಅಂಟಂಟು ಗುಬುಟು ಕಾಣುತ್ತೆ, ಅದರ ಪ್ರತಿ ಕವಲಿಗೂ ಸುತ್ತ ಮೆತ್ತಗೆ ಸವರಿ, ಒತ್ತಬೇಡಿ. ಒಂದು ಹೆಣ್ಣಿಗೆ ಎರಡು ಮೂರು ಗಂಡು ಹೂ ಬಳಸಿದ್ರೆ ಕಾಯಿ ದುಂಡಗೆ ಬರುತ್ತೆ. ಆಮೇಲೆ ತೊಟ್ಟಿಗೆ ಒಂದು ದಾರ ಕಟ್ಟಿ ತಾರೀಖು ಬರೆದ ಚೀಟಿ ಸಿಕ್ಕಿಸಿ, ಈ ತಾರೀಖು ಕೊಯ್ಲಿನ ದಿನ ತುಂಬಾ ಕೆಲಸಕ್ಕೆ ಬರುತ್ತೆ.

ಐದಾರು ದಿನದಲ್ಲಿ ಹೀಚು ಮಿರಮಿರ ಮಿಂಚ್ತಾ ಉಬ್ಬಿದ್ರೆ ಕಚ್ಚಿದೆ ಅಂತ ಅರ್ಥ. ಆ ಮಿಂಚು ಕಂಡ ದಿನದ ಖುಷೀನೇ ಬೇರೆ.

ಕೈಯಿಂದ ಮುಟ್ಟಿಸಿದ್ರೂ ಉದುರ್ತು!

ನಾಲ್ಕು ಕಾರಣ ಇರ್ಬಹುದು. ಬಳ್ಳೀಲಿ ಆಗ್ಲೇ ಎರಡು ಮೂರು ಕಾಯಿ ಬೆಳೀತಿದ್ರೆ ಗಿಡ ಹೊಸದನ್ನ ತಾನೇ ಬಿಟ್ಟುಬಿಡುತ್ತೆ. ಹಗಲು 32 ಡಿಗ್ರಿ ದಾಟಿ ರಾತ್ರೀನೂ ಸೆಕೆ ಇದ್ರೆ ಉದುರುತ್ತೆ. ಇಲ್ಲಾಂದ್ರೆ ಹಣ್ಣುನೊಣ, ಉದುರಿದ ಹೀಚನ್ನ ಕುಯ್ದು ನೋಡಿ, ಒಳಗೆ ಬಿಳಿ ಹುಳ ಇದ್ರೆ ಅದೇ. ಕೊನೇಲಿ ಹೂವಿದ್ದ ತುದಿ ಕಪ್ಪಾಗಿ ಕೊಳೀತಿದ್ರೆ ನೀರು ಒಂದ್ಸಲ ಜಾಸ್ತಿ ಒಂದ್ಸಲ ಬರಗಾಲ ಆಗ್ತಿದೆ, ಕ್ಯಾಲ್ಸಿಯಂ ಕಾಯಿ ತುದಿಗೆ ತಲುಪ್ತಿಲ್ಲ.

ಪಕ್ಕದಲ್ಲಿ ಸೌತೆ, ಹಾಗಲ ಇದೆ. ಕ್ರಾಸ್ ಆಗಿ ರುಚಿ ಕೆಡುತ್ತಾ?

ಇಲ್ಲ. ಸೌತೆ ಹಾಗಲ ಜೊತೆ ಕುಂಬಳ ಕ್ರಾಸ್ ಆಗೋದೇ ಇಲ್ಲ. ಒಂದೇ ಜಾತಿಯ ಎರಡು ತಳಿ ಕುಂಬಳ ಹತ್ತಿರ ಇದ್ರೆ ಕ್ರಾಸ್ ಆಗುತ್ತೆ, ಆದ್ರೂ ಈ ಸಲದ ಕಾಯಿ ತಾಯಿ ಬಳ್ಳಿದೇ, ರುಚಿ ಬದಲಾಗಲ್ಲ. ವ್ಯತ್ಯಾಸ ಕಾಣೋದು ಆ ಬೀಜ ಮುಂದಿನ ವರ್ಷ ಹಾಕಿದಾಗ.

ಒಂದು ವಿಷಯ ಮಾತ್ರ ಸೀರಿಯಸ್ಸಾಗಿ ತಗೊಳ್ಳಿ. ಅಲಂಕಾರಕ್ಕೆ ಬೆಳೆಯೋ ಸೋರೆಬುರುಡೆ ಥರದ ಪುಟ್ಟ ಕಾಯಿಗಳಿವೆ, ಅವುಗಳಲ್ಲಿ ಬಹಳಷ್ಟು ಪೆಪೊ ಜಾತಿ. ಅದರ ಜೊತೆ ಕ್ರಾಸ್ ಆದ ಬೀಜದಿಂದ ಬಂದ ಕಾಯಿ ವಿಪರೀತ ಕಹಿ ಇರ್ಬಹುದು, ಕಾರಣ ಕುಕುರ್ಬಿಟಾಸಿನ್ ಅನ್ನೋ ವಿಷದ ಅಂಶ, ಬೇಯಿಸಿದ್ರೂ ಹೋಗಲ್ಲ, ಜೋರು ವಾಂತಿ ಭೇದಿ ಮಾಡಿಸುತ್ತೆ. ತಾನೇ ಹುಟ್ಟಿದ ಬಳ್ಳಿ ಕಾಯಿ ಆದ್ರೆ ಅಡುಗೆಗೆ ಮುಂಚೆ ಹಸಿ ತುಂಡು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ, ಕಹಿ ಇದ್ರೆ ಉಗಿದು ಇಡೀ ಕಾಯಿ ಎಸೀರಿ, ಯೋಚನೆ ಮಾಡೋಕೆ ಹೋಗ್ಬೇಡಿ.

ಎಲೆ ಮೇಲೆ ಬಿಳಿ ಬಿಳಿ. ಬೂದಿ ರೋಗಾನಾ?

ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಬಂದ್ರೆ ಬೂದಿ ರೋಗ. ಉಜ್ಜಿದ್ರೂ ಹೋಗದೆ ನರಗಳು ಸೇರೋ ಜಾಗದಲ್ಲಿ ಬೆಳ್ಳಿ ಚುಕ್ಕೆ ಥರ ಇದ್ರೆ ಅದು ಮೊಸ್ಕಾಟಾ ಎಲೆಯ ಸಹಜ ಗುರುತು, ಔಷಧಿ ಬೇಡ, ಎಷ್ಟೋ ಜನ ಆರೋಗ್ಯವಾಗಿರೋ ಗಿಡಕ್ಕೆ ಸುಮ್ನೆ ಸ್ಪ್ರೇ ಹೊಡೀತಿರ್ತಾರೆ.

ನಿಜವಾದ ಬೂದಿ ರೋಗಕ್ಕೆ ಹಳೇ ಎಲೆ ನಾಲ್ಕಾರು ತೆಗೆದು ಗಾಳಿ ಆಡೋ ಹಾಗೆ ಮಾಡಿ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಂದ್ಸಲ ಬೆಳಿಗ್ಗೆ ಸಿಂಪಡಿಸೋದು ಶುರುವಲ್ಲೇ ಮಾಡಿದ್ರೆ ಕೆಲಸ ಮಾಡುತ್ತೆ, 1999ರಲ್ಲಿ ಬ್ರೆಜಿಲ್‌ನಲ್ಲಿ ಇದೇ ಕುಟುಂಬದ ಜುಕಿನಿ ಮೇಲೆ ಪ್ರಯೋಗ ಮಾಡಿ ತೋರಿಸಿದಾರೆ. ಗಂಧಕ ಬಳಸೋದಾದ್ರೆ ಬಿಸಿಲು ಜೋರಿರೋ ದಿನ ಬೇಡ, ಎಲೆ ಸುಟ್ಟೋಗುತ್ತೆ. ಕೊಯ್ಲು ಹತ್ರ ಬಂದಾಗ ಹಳೇ ಎಲೆಗೆ ಬಂದ್ರೆ ತಲೆ ಕೆಡಿಸ್ಕೋಬೇಡಿ.

ಹುಳುಗಳ ಕಾಟ?

ಎಳೇ ಸಸೀನ ತೂತು ತೂತು ಮಾಡೋ ಕಿತ್ತಳೆ ಕೆಂಪಿನ ಜೀರುಂಡೆ ಬೆಳಿಗ್ಗೆ ಬೇಗ ಹೋದ್ರೆ ಮಂದವಾಗಿರುತ್ತೆ, ಕೈಯಲ್ಲಿ ಹಿಡಿದು ಸೋಪ್ ನೀರಿಗೆ ಹಾಕಿ. ಹೂ ಬರೋವರೆಗೆ ಸಸಿ ಮೇಲೆ ತೆಳು ಬಲೆ ಮುಚ್ಚಿದ್ರೆ ಇನ್ನೂ ಸುಲಭ, ಹೂ ಬಂದ್ಮೇಲೆ ತೆಗೀಲೇಬೇಕು. ಹೇನು ಎಲೆ ಅಡೀಲಿ ಗುಂಪಾಗಿದ್ರೆ ಜೋರು ನೀರು ಹೊಡೆದು ಬೀಳಿಸಿ, ಆಮೇಲೆ ಬೇವಿನೆಣ್ಣೆ. ಎಲೆ ಮುದುಡಿ ಹಳದಿ ಹಸಿರು ಮಚ್ಚೆ ಬಂದ್ರೆ ಮೊಸಾಯಿಕ್ ವೈರಸ್, ಔಷಧಿ ಇಲ್ಲ, ಕಿತ್ತು ದೂರ ಎಸೀರಿ. ಹಣ್ಣುನೊಣಕ್ಕೆ ಪರಾಗ ಮುಟ್ಟಿಸಿದ ಎರಡು ಮೂರು ದಿನಕ್ಕೇ ಹೀಚಿಗೆ ಪೇಪರ್ ಕವರೋ ತೆಳು ಬಟ್ಟೆ ಚೀಲವೋ ಕಟ್ಟೋದು ಎಲ್ಲಾ ಸ್ಪ್ರೇಗಿಂತ ಒಳ್ಳೇದು, ಸಿಪ್ಪೆ ಗಟ್ಟಿಯಾದ್ಮೇಲೆ ಬಿಚ್ಚಿ. ಹುಳ ಬಿದ್ದ ಹೀಚನ್ನ ಬಳ್ಳಿ ಕೆಳಗೇ ಬಿಡ್ಬೇಡಿ.

ಹುಳಕ್ಕೆ ಅಂತ ಏನೇ ಸಿಂಪಡಿಸಿದ್ರೂ ಸಾಯಂಕಾಲ, ಹೂ ಮುಚ್ಚಿದ್ಮೇಲೆ. ಬೆಳಿಗ್ಗೆ ಕೀಟನಾಶಕ ಹೊಡೆದು ಜೇನು ಸಾಯಿಸಿ ಆಮೇಲೆ ಕಾಯಿ ಇಲ್ಲ ಅಂತ ಕೇಳೋರನ್ನ ನೋಡಿದ್ರೆ ನನಗೆ ತುಂಬಾ ಸಂಕಟ ಆಗುತ್ತೆ.

ಒಂದು ಬಳ್ಳಿಗೆ ಎಷ್ಟು ಕಾಯಿ ಬಿಡ್ಲಿ?

4–5 ಕೆಜಿ ತೂಗೋ ತಳಿ ಆದ್ರೆ ಎರಡರಿಂದ ನಾಲ್ಕು. ಸಣ್ಣ ತಳಿ ಆದ್ರೆ ಎಣಿಸೋಕೆ ಹೋಗ್ಬೇಡಿ. ಸ್ಪರ್ಧೆಗೆ ಬೆಳೆಸೋರು ಇಡೀ ಬಳ್ಳಿಗೆ ಒಂದೇ ಉಳಿಸ್ತಾರೆ, ಅಟ್ಲಾಂಟಿಕ್ ಜಯಂಟ್ ಅನ್ನೋ ಮ್ಯಾಕ್ಸಿಮಾ ತಳೀಲಿ 2023ರಲ್ಲಿ ಒಂದೇ ಕಾಯಿ 1,247 ಕೆಜಿ ತೂಗಿದೆ. ಅದು ತಿನ್ನೋಕಲ್ಲ ಬಿಡಿ.

ಕಾಯಿ ಕೆಳಗೆ ಏನಾದ್ರೂ ಇಡ್ಬೇಕಾ?

ಒಣಹುಲ್ಲಿನ ಸಿಂಬಿ ಇಲ್ಲಾ ಒಂದು ಹಲಗೆ ತುಂಡು. ಹಸಿ ಮಣ್ಣಿಗೆ ತಾಗಿದ ಜಾಗದಿಂದಲೇ ಕೊಳೆತ ಶುರುವಾಗೋದು. ಕಾಯೀನ ದಿನಾ ತಿರುಗಿಸೋ ಅಭ್ಯಾಸ ಬೇಡ, ತೊಟ್ಟಿಗೆ ಪೆಟ್ಟಾಗುತ್ತೆ, ಇಡೋದಿದ್ರೆ ಕಾಯಿ ಸಣ್ಣದಿದ್ದಾಗ್ಲೇ ಇಟ್ಟುಬಿಡಿ.

ಕೊಯ್ಯೋ ಟೈಮ್ ಆಯ್ತು ಅಂತ ಗೊತ್ತಾಗೋದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗಾತ್ರ ನೋಡಿ ಕೊಯ್ಯಬೇಡಿ, ಎಲ್ಲರೂ ಮಾಡೋ ತಪ್ಪು ಇದು. ಪರಾಗ ಮುಟ್ಟಿ ಮೂರು ನಾಲ್ಕು ವಾರಕ್ಕೆ ಕಾಯಿ ತನ್ನ ಪೂರ್ತಿ ಸೈಜಿಗೆ ಹೆಚ್ಚುಕಮ್ಮಿ ಬಂದುಬಿಟ್ಟಿರುತ್ತೆ, ನೋಡಿದ್ರೆ ಆಯ್ತು ಅನ್ಸುತ್ತೆ. ಆದ್ರೆ ಒಳಗೆ ಕೆಲಸ ಇನ್ನೂ ಅರ್ಧ ಬಾಕಿ. ತಿರುಳಲ್ಲಿ ಪಿಷ್ಟ ತುಂಬ್ಕೊಳ್ಳೋದು, ಬಣ್ಣ ಗಾಢ ಆಗೋದು, ಬೀಜ ಬಲಿಯೋದು ಎಲ್ಲಾ ಆಮೇಲೆ. ಆಗ್ಲೇ ಕೊಯ್ದ್ರೆ ಬೀಜಗಳು ತಮಗೆ ಬೇಕಾದ್ದನ್ನ ತಿರುಳಿಂದಲೇ ಎಳ್ಕೊಳ್ಳೋಕೆ ಶುರು ಮಾಡುತ್ವೆ, ಕೊನೆಗೆ ಸಿಗೋದು ನೀರು ನೀರಾದ ಸಪ್ಪೆ ಕಾಯಿ. ಹೂವಿನ ದಿನ ತಾರೀಖು ಬರೀರಿ ಅಂದಿದ್ದು ಇದಕ್ಕೇ, ಅಲ್ಲಿಂದ 45ರಿಂದ 55 ದಿನ ಕಾಯಿರಿ.

ದಿನದ ಜೊತೆ ಈ ಗುರುತುಗಳೂ ಸೇರ್ಬೇಕು. ಎಳೇ ಕಾಯಿ ಎಣ್ಣೆ ಸವರಿದ ಹಾಗೆ ಹೊಳೀತಿರುತ್ತೆ, ಬಲಿತದ್ದು ಮಂಕಾಗುತ್ತೆ, ಮೊಸ್ಕಾಟಾ ಆದ್ರೆ ಮೇಲೆ ತೆಳುವಾಗಿ ಬೂದು ಮುಸುಕಿದ ಹಾಗೂ ಆಗುತ್ತೆ. ನೆಲಕ್ಕೆ ತಾಗಿದ ಭಾಗ ಬಿಳಿಯಿಂದ ಗಾಢ ಹಳದಿಗೋ ಕೇಸರಿಗೋ ತಿರುಗಿರುತ್ತೆ. ಆಮೇಲೆ ಹೆಬ್ಬೆರಳ ಉಗುರನ್ನ ಸಿಪ್ಪೆಗೆ ಒತ್ತಿ, ಕಾಣದ ಒಂದು ಮೂಲೇಲಿ. ಉಗುರು ಒಳಗಿಳಿದು ಅಂಟು ರಸ ಜಿನುಗಿದ್ರೆ ಇನ್ನೂ ಹದಿನೈದು ದಿನ ಬಿಟ್ಟು ಬನ್ನಿ. ಉಗುರೇ ಬಾಗಿ ಗೆರೆ ಮಾತ್ರ ಬಿದ್ರೆ ಬಲಿತಿದೆ.

ನಾನು ಎಲ್ಲಕ್ಕಿಂತ ನಂಬೋದು ತೊಟ್ಟನ್ನ. ಹಸಿರಾಗಿ ರಸ ತುಂಬಿರೋ ತೊಟ್ಟು ಅಂದ್ರೆ ಬಳ್ಳಿ ಇನ್ನೂ ಕಾಯಿಗೆ ಊಟ ಕಳಿಸ್ತಿದೆ. ಬಲಿತ ಮೇಲೆ ಆ ತೊಟ್ಟು ಒಣಗಿ ಕಂದು ಬಣ್ಣಕ್ಕೆ ಬಂದು ಉದ್ದುದ್ದ ಸಣ್ಣ ಬಿರುಕು ಬಿಡುತ್ತೆ, ಮುಟ್ಟಿದ್ರೆ ಮರದ ಕಡ್ಡಿ ಥರ ಇರುತ್ತೆ, ಮ್ಯಾಕ್ಸಿಮಾ ಆದ್ರೆ ಬೆಂಡು ಬಿರುಕು ಬಿಟ್ಟ ಹಾಗೆ. ತಟ್ಟಿದಾಗ ಟೊಳ್ಳು ಸದ್ದು ಬರ್ಬೇಕು ಅಂತಾರೆ, ಅದು ಸುಳ್ಳಲ್ಲ, ಆದ್ರೆ ಅದೊಂದನ್ನೇ ನಂಬಿ ಕೊಯ್ಯಬೇಡಿ. ಬಣ್ಣಾನೂ ಅಷ್ಟೇ, ಬಲಿತ ಮೇಲೂ ಹಸಿರಾಗೇ ಉಳಿಯೋ ತಳಿಗಳಿವೆ.

ಹೇಗೆ ಕೊಯ್ಯೋದು?

ಮಳೆ ಇಲ್ಲದ ಒಣ ದಿನ, ಹರಿತ ಕತ್ತರೀಲಿ, ಕಾಯಿ ಮೇಲೆ 5ರಿಂದ 10 ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಿ. ತಿರುಚಿ ಕೀಳ್ಬೇಡಿ. ಎತ್ತುವಾಗ ಎರಡೂ ಕೈ ಕಾಯಿ ಕೆಳಗೆ ಹಾಕಿ ಮಗು ಎತ್ಕೊಂಡ ಹಾಗೆ ಎತ್ಕೊಳ್ಳಿ, ತೊಟ್ಟು ಹಿಡಿಕೆ ಅಲ್ಲ. ನಾನು ಮೊದಲ ವರ್ಷ ಆರು ಕೆಜಿ ಹತ್ತಿರದ ಒಂದು ಕಾಯೀನ ತೊಟ್ಟು ಹಿಡಿದು ಎತ್ತಿದೆ, ಟಪ್ ಅಂತ ಬುಡದಿಂದ ಕಳಚ್ಕೊಂಡು ಬಂತು, ರೂಪಾಯಿ ಅಗಲದ ಹಸಿ ಗಾಯ ಉಳೀತು ಅಷ್ಟೇ, ಬೇರೆ ಎಲ್ಲೂ ಒಂದು ಗೀರಿಲ್ಲ. ಮೂರನೇ ವಾರಕ್ಕೆ ಆ ಗಾಯದ ಸುತ್ತ ಮೆತ್ತಗಾಗಿ ಬಿಳಿ ಬೂಷ್ಟು ಬಂತು, ಒಳಗೆ ಕುಯ್ದ್ರೆ ಅರ್ಧ ಕಾಯಿ ನೀರಾಗಿತ್ತು. ಅದೇ ಬಳ್ಳಿ, ಅದೇ ದಿನ ತೊಟ್ಟು ಸಮೇತ ಕೊಯ್ದ ಇನ್ನೊಂದು ಕಾಯಿ ನಾಲ್ಕು ತಿಂಗಳು ಇತ್ತು. ತೊಟ್ಟು ಅಂದ್ರೆ ಬಾಟಲಿಯ ಬಿರಡೆ ಇದ್ದ ಹಾಗೆ, ಅದು ಹೋದ್ರೆ ಒಳಗೆ ಹೋಗೋಕೆ ಬಾಗಿಲು ತೆಗೆದ ಹಾಗೆ.

ತೊಟ್ಟು ಮುರಿದಿದ್ರೆ, ಗೀರು ಬಿದ್ದಿದ್ರೆ ಆ ಕಾಯೀನ ಬೇರೆ ಇಟ್ಟು ಮೊದಲು ಬಳಸಿ.

ಬಳ್ಳಿ ಒಣಗೋಯ್ತು, ಕಾಯಿ ಇನ್ನೂ ಅರ್ಧ ಹಸಿರು. ಬಿಡ್ಲಾ ಕೀಳ್ಲಾ?

ಬಳ್ಳಿ ಪೂರ್ತಿ ಸತ್ತಿದ್ರೆ ಅಲ್ಲಿ ಬಿಟ್ಟು ಲಾಭ ಇಲ್ಲ, ಎಲೆ ನೆರಳಿಲ್ದೆ ಸಿಪ್ಪೆ ಬಿಸಿಲಿಗೆ ಬೆಂದು ಹಾಳಾಗುತ್ತೆ. ಕೊಯ್ದು ಬೆಚ್ಚಗಿನ ಗಾಳಿ ಬೆಳಕಿರೋ ಕಡೆ ಇಡಿ, ಅಷ್ಟು ಹೊತ್ತಿಗೆ ಸಿಪ್ಪೆ ಗಟ್ಟಿಯಾಗೋಕೆ ಶುರುವಾಗಿದ್ರೆ ಬಣ್ಣ ತಿರುಗುತ್ತೆ. ಸಿಹಿ ಅಷ್ಟು ಬರಲ್ಲ, ಎಳೇ ಕಾಯಿ ಥರ ಪಲ್ಯ ಸಾರಿಗೆ ಬಳಸಿ. ರಾತ್ರಿ ಹಿಮ ಬೀಳುತ್ತೆ ಅಂತ ಗೊತ್ತಾದಾಗ್ಲೂ ಇದೇ, ಕಾಯಬೇಡಿ, ಕೊಯ್ದುಬಿಡಿ.

ಕ್ಯೂರಿಂಗ್ ಅಂತಾರಲ್ಲ, ಅದು ಬೇಕೇ ಬೇಕಾ?

ಇಡೋದಿದ್ರೆ ಬೇಕು. ಕೊಯ್ದ ಮೇಲೆ ಹತ್ತು ದಿನ 25ರಿಂದ 30 ಡಿಗ್ರಿ ಬೆಚ್ಚಗಿರೋ, ಗಾಳಿ ಆಡೋ, ನೇರ ಬಿಸಿಲು ಮಳೆ ಬೀಳದ ಜಾಗದಲ್ಲಿ ಒಂದಕ್ಕೊಂದು ತಾಗದ ಹಾಗೆ ಇಡೋದು ಅಷ್ಟೇ. ಸಿಪ್ಪೆ ಇನ್ನೂ ಗಟ್ಟಿ ಆಗುತ್ತೆ, ಸಣ್ಣ ಗೀರು ಮಾಯುತ್ತೆ, ತೊಟ್ಟಿನ ಕತ್ತರಿಸಿದ ತುದಿ ಒಣಗಿ ಮುಚ್ಕೊಳ್ಳುತ್ತೆ. ಮಣ್ಣು ಅಂಟಿದ್ರೆ ಒಣ ಬಟ್ಟೇಲಿ ಒರೆಸಿ, ನೀರಲ್ಲಿ ತೊಳೆದ್ರೆ ಪೂರ್ತಿ ಒಣಗಿಸಿ ಇಡಿ.

ಆಮೇಲೆ ಎಲ್ಲಿ ಇಡೋದು, ಎಷ್ಟು ದಿನ ಬರುತ್ತೆ?

ತಂಪಾದ ಒಣ ಕತ್ತಲೆ ಜಾಗ, 10ರಿಂದ 15 ಡಿಗ್ರಿ ಸಿಕ್ರೆ ಅದ್ಭುತ, ಅಂಥ ಜಾಗದಲ್ಲಿ ತಳಿ ಮೇಲೆ ಎರಡು ಮೂರು ತಿಂಗಳಿಂದ ಆರು ತಿಂಗಳವರೆಗೂ ಇರುತ್ತೆ, ಮೊಸ್ಕಾಟಾ ಎಲ್ಲಕ್ಕಿಂತ ಬಾಳಿಕೆ, ಪೆಪೊ ಬೇಗ ಮುಗಿಸ್ಬೇಕು. ಅಷ್ಟು ತಂಪು ಇಲ್ದಿದ್ರೂ ಮನೆ ಒಳಗೆ ಗಾಳಿ ಬರೋ ಮೂಲೇಲಿ ಚೆನ್ನಾಗೇ ಇರುತ್ತೆ, ದಿನ ಸ್ವಲ್ಪ ಕಮ್ಮಿ. ಫ್ರಿಜ್ಜಲ್ಲಿ ಇಡೀ ಕಾಯಿ ಇಡ್ಬೇಡಿ, 10 ಡಿಗ್ರಿಗಿಂತ ತಣ್ಣಗಾದ್ರೆ ಚಳಿ ಹೊಡೆದು ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತೆ. ಬರಿ ಸಿಮೆಂಟ್ ನೆಲದ ಮೇಲೂ ಬೇಡ, ಕೆಳಗೆ ಹಲಗೆಯೋ ರಟ್ಟೋ ಹಾಕಿ, ಒಂದರ ಮೇಲೊಂದು ಪೇರಿಸ್ಬೇಡಿ, ಪಕ್ಕದಲ್ಲಿ ಮಾಗೋ ಬಾಳೆ ಸೇಬು ಬೇಡ, ಅವು ಬಿಡೋ ಎಥಿಲೀನ್ ಗಾಳಿ ಇದಕ್ಕೆ ಆಗಲ್ಲ. ವಾರಕ್ಕೊಂದ್ಸಲ ಎಲ್ಲಾ ಕಾಯಿ ತಳ ಮುಟ್ಟಿ ನೋಡಿ, ಒಂದು ಮೆತ್ತಗಾಗಿದ್ರೆ ಆಚೆ ಹಾಕಿ.

ಕೊಯ್ದ ದಿನಾನೇ ಮಾಡಿದ್ವಿ, ಸಿಹೀನೇ ಇಲ್ಲ.

ಪಿಷ್ಟ ಸಕ್ಕರೆ ಆಗೋಕೆ ಟೈಮ್ ಬೇಕು. ಮೊಸ್ಕಾಟಾ, ಮ್ಯಾಕ್ಸಿಮಾ ಎರಡನ್ನೂ ಒಂದರಿಂದ ಎರಡು ತಿಂಗಳು ಇಟ್ಟು ಕುಯ್ದು ನೋಡಿ, ಅದೇ ಬಳ್ಳಿ ಕಾಯಿ ಅಂತ ನಂಬೋಕಾಗಲ್ಲ.

ಕುಯ್ದಾಗ ಒಳಗೆ ಬೀಜ ಮೊಳಕೆ ಒಡೆದಿದೆ, ತಿನ್ಬಹುದಾ?

ತುಂಬಾ ದಿನ ಬೆಚ್ಚಗಿನ ಜಾಗದಲ್ಲಿದ್ರೆ ಹಾಗಾಗುತ್ತೆ. ತಿರುಳು ಗಟ್ಟಿಯಿದ್ದು ವಾಸನೆ, ಕಹಿ ಇಲ್ಲ ಅಂದ್ರೆ ಬೀಜ ತೆಗೆದು ಬಳಸಿ.

ಮುಂದಿನ ಸಲಕ್ಕೆ ಬೀಜ ಎತ್ತಿಡೋದು ಹೇಗೆ? ಅಂಗಡಿ ಕಾಯಿ ಬೀಜ ಆಗುತ್ತಾ?

ಅಂಗಡಿ ಕಾಯಿ ಬೀಜ ಮೊಳಕೆ ಬರುತ್ತೆ, ಆದ್ರೆ ಅದು ಹೈಬ್ರಿಡ್ಡೋ ಕ್ರಾಸ್ ಆಗಿದ್ಯೋ ಗೊತ್ತಿರಲ್ಲ, ಹಾಗಾಗಿ ಕಾಯಿ ಹೇಗ್ ಬರುತ್ತೆ ಅಂತ ಹೇಳೋಕಾಗಲ್ಲ. ನಿಮ್ಮದೇ ಬಳ್ಳಿ ತಳಿ ಹಾಗೇ ಉಳೀಬೇಕು ಅಂದ್ರೆ ಹಿಂದಿನ ಸಾಯಂಕಾಲ ನಾಳೆ ಅರಳೋ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗಿನ ತುದಿಗೆ ಟೇಪ್ ಸುತ್ತಿ, ಜೇನು ಒಳಗೆ ಹೋಗದ ಹಾಗೆ. ಬೆಳಿಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ ಹೆಣ್ಣು ಹೂವಿಗೆ ಮತ್ತೆ ಟೇಪ್ ಹಾಕಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತಿಡಿ. ಆ ಕಾಯಿ ಪೂರ್ತಿ ಬಲಿತ್ಮೇಲೆ ಕೊಯ್ದು ಇನ್ನೂ ಮೂರು ನಾಲ್ಕು ವಾರ ಇಡಿ, ಬೀಜ ಒಳಗೇ ಇನ್ನಷ್ಟು ತುಂಬ್ಕೊಳ್ಳುತ್ತೆ. ಆಮೇಲೆ ಕುಯ್ದು, ನಾರು ಬಿಡಿಸಿ, ತೊಳೆದು, ನೆರಳಲ್ಲಿ ತಟ್ಟೆ ಮೇಲೆ ಒಂದು ಪದರ ಹರಡಿ ಎರಡು ಮೂರು ವಾರ ಒಣಗಿಸಿ. ಎರಡು ಬೆರಳಲ್ಲಿ ಬಗ್ಗಿಸಿದಾಗ ಬಾಗದೆ ಪಟ್ ಅಂತ ಮುರಿದ್ರೆ ಒಣಗಿದೆ. ಚಪ್ಪಟೆ ಜೊಳ್ಳು ಆರಿಸಿ ತೆಗೆದು, ದಪ್ಪಗಿರೋದನ್ನ ಪೇಪರ್ ಕವರಿಗೆ ಹಾಕಿ ತಳಿ ಹೆಸರು, ವರ್ಷ ಬರೆದು ಡಬ್ಬೀಲಿಡಿ, ನಾಲ್ಕೈದು ವರ್ಷ ಮೊಳಕೆ ಬರುತ್ತೆ.